ಫೈಬರ್ ಸರಿ ಇದೆ, ಟ್ರಾಫಿಕ್ ದಾರಿ ತಪ್ಪಿದೆ: ರೂಟಿಂಗ್ ದಾಳಿ ಪತ್ತೆ ಹಚ್ಚುವ ಕೈಪಿಡಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಸಣ್ಣ ಇಂಟರ್ನೆಟ್ ಸೇವೆ ನಡೆಸುವವರು ಮತ್ತು ಕಾಲೇಜು, ಆಸ್ಪತ್ರೆ, ಸಿಮೆಂಟ್ ಫ್ಯಾಕ್ಟರಿಗಳ ನೆಟ್‌ವರ್ಕ್ ನೋಡಿಕೊಳ್ಳುವವರಿಗಾಗಿ ಇದನ್ನು ಬರೆದಿದ್ದೇನೆ. ನಮ್ಮ ಭಾಗದಲ್ಲಿ ನೆಟ್ ಕೈಕೊಟ್ಟರೆ ಮೊದಲು ಬಾಯಿಗೆ ಬರುವ ಮಾತು ಫೈಬರ್ ಕಟ್. ಬಹಳ ಸಲ ಅದೇ ನಿಜ. ಹುಮನಾಬಾದ್ ರಸ್ತೆಯಲ್ಲೋ ಸೇಡಂ ರಸ್ತೆಯಲ್ಲೋ ಜೆಸಿಬಿ ಇಳಿದರೆ ಸಾಕು, ಅರ್ಧ ಊರಿಗೆ ನೆಟ್ ಇರುವುದಿಲ್ಲ.

ಆದರೆ ಇನ್ನೊಂದು ಬಗೆಯ ದೂರು ಇದೆ. ನೆಹರು ಗಂಜ್‌ನ ದಾಲ್ ಮಿಲ್ಲಿನವರು ಫೋನ್ ಮಾಡುತ್ತಾರೆ: "ಅಣ್ಣಾ, ನೆಟ್ ಅದ, ಯೂಟ್ಯೂಬ್ ನಡೀತದ, ಬ್ಯಾಂಕಿನ ಸೈಟ್ ಮಾತ್ರ ತೆರೀವಲ್ದು." ಇನ್ನೊಬ್ಬರದು ಬೇರೆ ಕಥೆ: "ನಮ್ಮ ಗೋಡೌನ್ ಕ್ಯಾಮೆರಾ ಹೈದರಾಬಾದಿನಿಂದ ಕಾಣ್ತದ, ಬೆಂಗಳೂರಿನಿಂದ ಕಾಣವಲ್ದು." ಇಂಥ ಕಡೆ ಫೈಬರಿನ ಬೆಳಕು ಅಳೆಯುವ ಪವರ್ ಮೀಟರ್ ಹಚ್ಚಿದರೆ ರೀಡಿಂಗ್ ಸರಿಯಾಗೇ ಬರುತ್ತದೆ. ಸ್ಪ್ಲೈಸಿಂಗ್ ಹುಡುಗರನ್ನು ಬಿಸಿಲಲ್ಲಿ ಅಲೆಸಿದರೆ ದಿನ ಹಾಳು, ಅಷ್ಟೇ. ಇಲ್ಲಿ ದೋಷ ದಾರಿಯದು. ಯಾರೋ ಎಲ್ಲೋ ಸುಳ್ಳು ದಾರಿ ಹೇಳಿರಬಹುದು, ಅಥವಾ ನಾವೇ ಹೇಳುತ್ತಿರಬಹುದು.

ಹೀಗಾಗಲು ಕಾರಣ ಬಿಜಿಪಿ. ಜಗತ್ತಿನ ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವುದು ಇದರಲ್ಲೇ. "ಈ ಐಪಿಗಳು ನನ್ನ ಹತ್ತಿರ ಇವೆ" ಎಂದು ಒಂದು ರೂಟರ್ ಹೇಳಿದರೆ ಪಕ್ಕದ ರೂಟರ್ ನಂಬುತ್ತದೆ. ಹೇಳಿದವನಿಗೆ ಆ ಹಕ್ಕು ಇದೆಯೇ ಎಂದು ಕೇಳುವ ವ್ಯವಸ್ಥೆ ಬಿಜಿಪಿಯೊಳಗೆ ಇಲ್ಲ. ಜೊತೆಗೆ ಒಂದು ನಿಯಮ ಇದೆ: ಒಂದೇ ಐಪಿಗೆ ಎರಡು ದಾರಿ ಸಿಕ್ಕರೆ ಹೆಚ್ಚು ನಿಖರವಾದದ್ದೇ ಗೆಲ್ಲುತ್ತದೆ. ಒಂದು ಲಕೋಟೆ ಮೇಲೆ ಬರೀ "ಕಲಬುರಗಿ" ಅಂತ, ಇನ್ನೊಂದರ ಮೇಲೆ ಬೀದಿ, ಮನೆ ನಂಬರ್ ಸಮೇತ ವಿಳಾಸ ಇದ್ದರೆ ಅಂಚೆಯವರು ಎರಡನೆಯದನ್ನೇ ನೇರ ಮನೆಗೆ ಒಯ್ಯುತ್ತಾರೆ ಅಲ್ವಾ, ಹಾಗೆ. 1024 ಐಪಿಗಳ /22 ನಿಮ್ಮದಾಗಿದ್ದು, ಬೇರೆಯವನು ಅದರೊಳಗಿನ 256 ಐಪಿಗಳ /24 ಒಂದನ್ನು ತನ್ನದೆಂದು ಸಾರಿದರೆ ಆ 256ರ ಟ್ರಾಫಿಕ್ ಅವನ ಕಡೆ ಹೋಗುತ್ತದೆ. ನಿಮ್ಮ ರೂಟರ್‌ನಲ್ಲಿ ಮಾತ್ರ ಎಲ್ಲವೂ ಹಸಿರು. ಇಡೀ ಕೈಪಿಡಿಯಲ್ಲಿ ಇದೊಂದು ನೆನಪಿಟ್ಟರೂ ಸಾಕು: ರೂಟ್ ಕದ್ದಾಗ ನಿಮ್ಮ ಮನೆಯೊಳಗೆ ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಹೊರಗಿನಿಂದ ನೋಡಬೇಕು.

ಮೊದಲು ಡಿಎನ್‌ಎಸ್ಸೋ ರೂಟಿಂಗೋ ತಿಳಿಯಿರಿ

ಸೈಟಿನ ಹೆಸರು ಕೊಟ್ಟರೆ ಅದರ ಐಪಿ ಹೇಳುವುದು ಡಿಎನ್‌ಎಸ್. ದೂರು ಬಂದ ಕಂಪ್ಯೂಟರ್‌ನಲ್ಲೇ ಕೂತು ಆ ಸೈಟಿನ ಐಪಿ ಕೇಳಿ. ಎನ್‌ಎಸ್‌ಲುಕಪ್ ಸಾಕು. ಒಂದು ಸಲ ನಿಮ್ಮ ಡಿಎನ್‌ಎಸ್ ಸರ್ವರ್‌ಗೆ, ಇನ್ನೊಂದು ಸಲ ಎಲ್ಲರಿಗೂ ತೆರೆದಿರುವ 1.1.1.1 ಅಥವಾ 8.8.8.8ಕ್ಕೆ. ದೊಡ್ಡ ಸೈಟ್‌ಗಳು ಜಾಗಕ್ಕೆ ತಕ್ಕಂತೆ ಬೇರೆ ಬೇರೆ ಐಪಿ ಕೊಡುತ್ತವೆ. ಹಾಗಾಗಿ ಉತ್ತರ ಬೇರೆ ಬಂದ ಕೂಡಲೇ ಗಾಬರಿಯಾಗಬೇಡಿ. ಆ ಐಪಿ ಯಾರದು ಎಂದು ಹೂಈಸ್‌ನಲ್ಲಿ ನೋಡಿ. ಬ್ಯಾಂಕಿಗೂ ಅದರ ಹೋಸ್ಟಿಂಗ್ ಕಂಪನಿಗೂ ಸಂಬಂಧವೇ ಇಲ್ಲದವರದ್ದಾಗಿದ್ದರೆ ಅದು ಡಿಎನ್‌ಎಸ್ ತಿದ್ದಿದ ಕೇಸು. ಆಗ ಕೆಳಗಿನ "ನಿಮ್ಮ ರೂಟರ್ ನಿಮ್ಮ ಕೈಯಲ್ಲೇ ಇದೆಯಾ?" ಭಾಗಕ್ಕೆ ಹೋಗಿ. ಐಪಿ ಸರಿ ಇದ್ದು, ಅಲ್ಲಿಗೆ ಹೋಗುವ ದಾರಿ ವಿಚಿತ್ರವಾಗಿದ್ದರೆ ಅದು ರೂಟಿಂಗ್.

ಬ್ರೌಸರ್ ಸರ್ಟಿಫಿಕೇಟ್ ಎಚ್ಚರಿಕೆ ತೋರಿಸುತ್ತಿದ್ದರೆ ಗ್ರಾಹಕರಿಗೆ ಖಡಾಖಂಡಿತವಾಗಿ ಹೇಳಿ: ಮುಂದುವರಿಯಬೇಡಿ, ಪಾಸ್‌ವರ್ಡ್ ಹಾಕಬೇಡಿ. 2018ರ ಏಪ್ರಿಲ್ 24ರಂದು ಅಮೆಜಾನ್‌ನ ಡಿಎನ್‌ಎಸ್ ಸೇವೆಯ ಐಪಿಗಳ ಒಂದು ಭಾಗವನ್ನು ಬಿಜಿಪಿ ಮೂಲಕ ಕದ್ದರು. ಕ್ರಿಪ್ಟೋ ಹಣ ಇಡುವ ಮೈಈಥರ್‌ವಾಲೆಟ್ ಸೈಟಿಗೆ ಹೋಗಬೇಕಾದ ಜನ ನಕಲಿ ಸೈಟಿಗೆ ಹೋದರು. ಬ್ರೌಸರ್ ಎಚ್ಚರಿಸಿತ್ತು. ಆದರೂ ಒತ್ತಿ ಮುಂದೆ ಹೋದವರ ದುಡ್ಡು ಹೋಯಿತು, ಸುಮಾರು 1.5 ಲಕ್ಷ ಡಾಲರ್. ರೂಟು, ಡಿಎನ್‌ಎಸ್ ಎರಡೂ ಮೋಸ ಹೋದ ಮೇಲೂ ಆ ಎಚ್ಚರಿಕೆ ಪರದೆ ತನ್ನ ಕೆಲಸ ಮಾಡಿತ್ತು. ನಮ್ಮ ಗಿರಾಕಿಗಳಿಗೆ ಇದನ್ನು ಬಿಡಿಸಿ ಹೇಳುವುದು ನಮ್ಮ ಕೆಲಸವೇ.

ಟ್ರೇಸ್‌ರೂಟ್ ಓದುವ ಬಗೆ

ದಾರಿಯಲ್ಲಿ ಸಿಗುವ ಒಂದೊಂದು ರೂಟರನ್ನೂ (ಅದೇ ಹಾಪ್), ಅಲ್ಲಿಗೆ ಹೋಗಿ ಬರುವ ಸಮಯವನ್ನೂ ತೋರಿಸುವುದು ಟ್ರೇಸ್‌ರೂಟ್. ಎಲ್ಲರೂ ಓಡಿಸುತ್ತಾರೆ, ನಿಧಾನವಾಗಿ ಓದುವವರು ಕಡಿಮೆ. ಮುಂಬೈನಲ್ಲಿರುವ ಒಂದು ಸರ್ವರ್‌ಗೆ ಕಲಬುರಗಿಯಿಂದ ಓಡಿಸಿದಾಗ ಹೀಗೆ ಬಂತು ಅಂದುಕೊಳ್ಳಿ:

ಹಾಪ್ 1: 1 ಮಿಲಿಸೆಕೆಂಡ್, ನಮ್ಮ ಕೋರ್ ರೂಟರ್
ಹಾಪ್ 2: 7 ಮಿಲಿಸೆಕೆಂಡ್, ಹೈದರಾಬಾದಿನ ಅಪ್‌ಸ್ಟ್ರೀಮ್ (ನಮಗೆ ಇಂಟರ್ನೆಟ್ ಕೊಡುವ ಕಂಪನಿ)
ಹಾಪ್ 3: 8 ಮಿಲಿಸೆಕೆಂಡ್, ಅದೇ ಅಪ್‌ಸ್ಟ್ರೀಮ್‌ನ ಇನ್ನೊಂದು ರೂಟರ್
ಹಾಪ್ 4: ಉತ್ತರ ಇಲ್ಲ
ಹಾಪ್ 5: 168 ಮಿಲಿಸೆಕೆಂಡ್
ಹಾಪ್ 6: 171 ಮಿಲಿಸೆಕೆಂಡ್

ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹೋಗಿ ಬರುವ ಲೆಕ್ಕ ಹಿಡಿದರೆ 1 ಮಿಲಿಸೆಕೆಂಡಿಗೆ 100 ಕಿ.ಮೀ. ದೂರ. ಕಲಬುರಗಿಯಿಂದ ಹೈದರಾಬಾದ್ ಇನ್ನೂರು ಚಿಲ್ಲರೆ ಕಿ.ಮೀ. ಕೇಬಲ್ ಸುತ್ತಿಕೊಂಡು ಹೋಗುತ್ತದೆ, ರೂಟರ್‌ಗಳೂ ಸ್ವಲ್ಪ ಸಮಯ ತಿನ್ನುತ್ತವೆ, ಹಾಗಾಗಿ 7 ಸರಿಯೇ. ಅಲ್ಲಿಂದ ಮುಂಬೈಗೆ ಇನ್ನೊಂದು ಹತ್ತು ಹದಿನೈದು ಸೇರಬೇಕಿತ್ತು. 160 ಸೇರಿದೆ ಅಂದರೆ ಪ್ಯಾಕೆಟ್ ದೇಶ ದಾಟಿ ಹೋಗಿರುವ ಸಾಧ್ಯತೆ ಜಾಸ್ತಿ. ಮುಂಬೈ ಸರ್ವರ್‌ಗೆ ಹೋಗಲು ದೇಶ ದಾಟುವ ಕೆಲಸವೇ ಇಲ್ಲ.

ಇಲ್ಲಿ ಅವಸರ ಬೇಡ. ಮಧ್ಯದ ಒಂದೇ ಹಾಪ್‌ನಲ್ಲಿ ಅಂಕಿ ಏರಿ, ಮುಂದಿನದರಲ್ಲಿ ಇಳಿದರೆ ಅದು ದೋಷವಲ್ಲ. ಆ ರೂಟರ್ ಪಿಂಗ್‌ಗೆ ಉತ್ತರ ಕೊಡುವುದನ್ನು ಕೊನೆಗೆ ಇಟ್ಟುಕೊಂಡಿದೆ, ಅಷ್ಟೇ. ಏರಿದ್ದು ಕೊನೆಯ ಹಾಪ್‌ವರೆಗೂ ಹಾಗೇ ಉಳಿದರೆ ಮಾತ್ರ ಲೆಕ್ಕಕ್ಕೆ. ಲಿಂಕ್ ತುಂಬಿದ್ದರೆ ಅಂಕಿ ಕುಣಿಯುತ್ತದೆ, 40, 95, 60 ಹೀಗೆ, ರಾತ್ರಿ ಒಂಬತ್ತರ ಹೊತ್ತಿಗೆ ಇನ್ನೂ ಜಾಸ್ತಿ. ದಾರಿ ಬದಲಾಗಿದ್ದರೆ ಅಂಕಿ ಒಂದು ಮೆಟ್ಟಿಲು ಹತ್ತಿ ಅಲ್ಲೇ ನಿಲ್ಲುತ್ತದೆ. ಸಮುದ್ರದ ಕೇಬಲ್ ಕೆಟ್ಟಾಗಲೂ ವಿದೇಶಿ ಸೈಟ್‌ಗಳಿಗೆ ಹೀಗೇ ಆಗುತ್ತದೆ. ಆದರೆ ಆಗ ಒಂದು ಸೈಟಲ್ಲ, ಆ ದಿಕ್ಕಿನ ಎಲ್ಲವೂ ನಿಧಾನ. ಇನ್ನೊಂದು ವಿಷಯ: ಟ್ರೇಸ್‌ರೂಟ್ ತೋರಿಸುವುದು ಹೋಗುವ ದಾರಿಯನ್ನು ಮಾತ್ರ. ಬರುವ ದಾರಿ ಬೇರೆ ಇರಬಹುದು. ಗೋಡೌನ್ ಕ್ಯಾಮೆರಾ ಥರದ ದೂರಿನಲ್ಲಿ ತಪ್ಪಿರುವುದು ಬರುವ ದಾರಿಯೇ. ಅದಕ್ಕೇ ಮುಂದಿನ ಹೆಜ್ಜೆ ಬೇಕು.

ಹೊರಗಿನಿಂದ ನೋಡುವುದು

ನಿಮ್ಮ ದಾರಿ ಹೊರಗೆ ಹೇಗೆ ಕಾಣುತ್ತದೆ ಎಂದು ತೋರಿಸುವ ಪುಟಗಳಿವೆ. ರೈಪ್‌ಸ್ಟ್ಯಾಟ್, ಬಿಜಿಪಿ ಟೂಲ್ಸ್, ಹರಿಕೇನ್ ಎಲೆಕ್ಟ್ರಿಕ್‌ನ ಬಿಜಿಪಿ ಪುಟ, ಇವು ಯಾವುದಕ್ಕೂ ದುಡ್ಡು ಕೊಡಬೇಕಿಲ್ಲ. ಆರೆಗಾನ್ ವಿಶ್ವವಿದ್ಯಾಲಯದ ರೂಟ್‌ವ್ಯೂಸ್ ಕೂಡ ಇದೆ. ನಿಮ್ಮ ಸ್ವಂತ ಲಿಂಕ್ ಬಿಟ್ಟು ಮೊಬೈಲ್ ಡೇಟಾದಿಂದ ತೆರೆಯಿರಿ. ನಿಮ್ಮ ಪ್ರಿಫಿಕ್ಸ್, ಅಂದರೆ ನಿಮ್ಮ /22 ಅಥವಾ /24 ಐಪಿ ಗುಂಪು, ಹಾಕಿ. ಉದಾಹರಣೆಗೆಂದೇ ಮೀಸಲಿಟ್ಟ 203.0.113.0/24 ನಿಮ್ಮದು, ಬಿಜಿಪಿಯಲ್ಲಿ ನಿಮ್ಮ ನೆಟ್‌ವರ್ಕ್‌ನ ಗುರುತಾದ ಎಎಸ್ ನಂಬರ್ 64500 ಅಂದುಕೊಳ್ಳೋಣ. ಪುಟದಲ್ಲಿ ಎಎಸ್ ಪಾತ್ ಅಂತ ಒಂದು ಸಾಲು ಬರುತ್ತದೆ. ಅದನ್ನು ಬಲದಿಂದ ಓದಿ. ಬಲತುದಿಯ ನಂಬರ್ ಆ ಪ್ರಿಫಿಕ್ಸ್ ನನ್ನದು ಎಂದವನದು. ಅಲ್ಲಿ 64500 ಇರಬೇಕು. ಅದರ ಎಡಕ್ಕೆ ನಿಮ್ಮ ಅಪ್‌ಸ್ಟ್ರೀಮ್ ಇರಬೇಕು.

ಬಲತುದಿಯಲ್ಲಿ ಬೇರೆ ನಂಬರ್ ಕಂಡರೆ ಕಳವು ನಡೆದಿದೆ. ಎಷ್ಟು ಕಡೆಯಿಂದ ಹಾಗೆ ಕಾಣುತ್ತಿದೆ ಎನ್ನುವುದೂ ಮುಖ್ಯ. ಕಳ್ಳ ನಿಮ್ಮಷ್ಟೇ ಉದ್ದದ /24 ಸಾರಿದ್ದರೆ ಇಂಟರ್ನೆಟ್ ಇಬ್ಭಾಗವಾಗುತ್ತದೆ. ನಿಮಗೆ ಹತ್ತಿರ ಇರುವ ನೆಟ್‌ವರ್ಕ್‌ಗಳು ನಿಮ್ಮ ಕಡೆ, ಅವನಿಗೆ ಹತ್ತಿರ ಇರುವವು ಅವನ ಕಡೆ. ಹೈದರಾಬಾದಿನಿಂದ ಕ್ಯಾಮೆರಾ ಕಂಡು ಬೆಂಗಳೂರಿನಿಂದ ಕಾಣದಿದ್ದರೆ ಇದನ್ನು ಮೊದಲು ಸಂಶಯಪಡಿ. ನಿಮ್ಮದು /22 ಇದ್ದು ಅವನು /24 ಸಾರಿದ್ದರೆ ಎಲ್ಲ ಕಡೆಯಿಂದಲೂ ಅವನೇ ಕಾಣುತ್ತಾನೆ.

ಬಲತುದಿ ನಿಮ್ಮದೇ ಇದ್ದು ಅದರ ಪಕ್ಕದಲ್ಲಿ ನೀವು ಎಂದೂ ಕೇಳದ ನಂಬರ್ ಇದ್ದರೆ ಇನ್ನೂ ಕೆಟ್ಟ ಸುದ್ದಿ. ಯಾರೋ ನಿಮ್ಮ ಹೆಸರು ಹಚ್ಚಿಕೊಂಡು ತಮ್ಮ ಹಿಂದೆ ನೀವಿದ್ದೀರಿ ಎಂದು ನಟಿಸುತ್ತಿದ್ದಾರೆ. ಮುಂದೆ ಹೇಳುವ ಆರ್‌ಪಿಕೆಐ ಇದನ್ನು ತಾನಾಗಿ ಹಿಡಿಯುವುದಿಲ್ಲ, ಕಣ್ಣಿಟ್ಟು ನೋಡಬೇಕು.

ಇದು ಎಷ್ಟು ಬೇಗ ಹರಡುತ್ತದೆ ಎಂಬುದಕ್ಕೆ 2008ರ ಫೆಬ್ರವರಿ 24 ಸಾಕ್ಷಿ. ಪಾಕಿಸ್ತಾನ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಒಂದು /24 ಸಾರಿತು. ಯೂಟ್ಯೂಬ್‌ನದು /22. ಆ /24 ಹೊರಗೆ ಸೋರಿತು. ಅದರ ಅಪ್‌ಸ್ಟ್ರೀಮ್ ಪಿಸಿಸಿಡಬ್ಲ್ಯು ಫಿಲ್ಟರ್ ಇಲ್ಲದೆ ಜಗತ್ತಿಗೆ ದಾಟಿಸಿತು. ಯುಟಿಸಿ 18:47ಕ್ಕೆ ಶುರುವಾಯಿತು. 20:07ಕ್ಕೆ ಯೂಟ್ಯೂಬ್ ತಾನೂ ಅದೇ /24 ಸಾರಿತು, 20:18ಕ್ಕೆ ಎರಡು /25 ಸಾರಿತು. 21:01ಕ್ಕೆ ಪಿಸಿಸಿಡಬ್ಲ್ಯು ಸುಳ್ಳು ದಾರಿ ತೆಗೆದ ಮೇಲೆ ಎಲ್ಲ ಸರಿಯಾಯಿತು. ಮಧ್ಯದಲ್ಲಿದ್ದ ಒಂದು ಕಂಪನಿ ಫಿಲ್ಟರ್ ಇಟ್ಟಿದ್ದರೆ ಆ ಎರಡು ಗಂಟೆ ಜಗತ್ತಿಗೆ ತೊಂದರೆಯೇ ಆಗುತ್ತಿರಲಿಲ್ಲ.

ಸೋರುತ್ತಿರುವುದು ನಮ್ಮಿಂದಲೇ ಇದ್ದರೆ

ಸೇಡಂ, ವಾಡಿ ಕಡೆ ಫ್ಯಾಕ್ಟರಿಗಳಲ್ಲಿ ಒಂದು ಲಿಂಕ್ ಹೋದರೆ ಇನ್ನೊಂದು ಇರಲಿ ಎಂದು ಎರಡು ಅಪ್‌ಸ್ಟ್ರೀಮ್ ತಗೊಂಡು ಬಿಜಿಪಿ ಹಾಕಿರುತ್ತಾರೆ. ಒಳ್ಳೆಯದೇ. ಆದರೆ ಹೊರಗೆ ಏನು ಹೇಳಬೇಕು ಎಂಬ ಫಿಲ್ಟರ್ ಹಾಕಿರುವುದಿಲ್ಲ. ಆಗ ಒಂದು ಅಪ್‌ಸ್ಟ್ರೀಮ್‌ನಿಂದ ಕಲಿತ ದಾರಿಗಳನ್ನು ರೂಟರ್ ಇನ್ನೊಂದಕ್ಕೆ ಹೇಳುತ್ತದೆ. ಜಗತ್ತಿನ ಟ್ರಾಫಿಕ್ ನಿಮ್ಮ ಸಣ್ಣ ಲಿಂಕ್‌ನೊಳಗೆ ನುಗ್ಗುತ್ತದೆ.

2019ರ ಜೂನ್ 24ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇದೇ ಆಯಿತು. ಲೋಹ ತಯಾರಿಸುವ ಒಂದು ಕಂಪನಿಗೆ ಎರಡು ಕಡೆಯಿಂದ ಇಂಟರ್ನೆಟ್ ಇತ್ತು. ಒಂದು ಕಡೆಯ ಪೂರೈಕೆದಾರನ ಬಿಜಿಪಿ ಆಪ್ಟಿಮೈಸರ್ (ದಾರಿಗಳನ್ನು ತಾನೇ ಒಡೆದು ತಿದ್ದುವ ಸಾಧನ) ಹುಟ್ಟಿಸಿದ ತುಂಡು ತುಂಡು ದಾರಿಗಳು ಆ ಕಂಪನಿಯ ಮೂಲಕ ಇನ್ನೊಂದು ಕಡೆಯ ಪೂರೈಕೆದಾರ ವೆರಿಝಾನ್‌ಗೆ ಹೋದವು. ವೆರಿಝಾನ್ ತಡೆಯಲಿಲ್ಲ. ಕ್ಲೌಡ್‌ಫ್ಲೇರ್, ಅಮೆಜಾನ್ ಸೇರಿದಂತೆ ಬಹಳ ಸೇವೆಗಳು ಒದ್ದಾಡಿದವು.

ಇದರ ಲಕ್ಷಣ ಗುರುತಿಸುವುದು ಸುಲಭ. ಸಾಮಾನ್ಯವಾಗಿ ನಮ್ಮ ಕಡೆ ಡೌನ್‌ಲೋಡ್ ಜಾಸ್ತಿ, ಅಪ್‌ಲೋಡ್ ಕಡಿಮೆ. ಸೋರಿಕೆ ಆದಾಗ ಒಂದು ಲಿಂಕ್‌ನಲ್ಲಿ ಒಳಗೆ ಬಂದಷ್ಟೇ ಇನ್ನೊಂದರಲ್ಲಿ ಹೊರಗೆ ಹೋಗುತ್ತದೆ, ಎರಡೂ ಗ್ರಾಫ್ ಜೋಡಿ ಜೋಡಿಯಾಗಿ ಏರುತ್ತವೆ. ಅಪ್‌ಸ್ಟ್ರೀಮ್‌ನವರು ಮ್ಯಾಕ್ಸಿಮಮ್ ಪ್ರಿಫಿಕ್ಸ್ ಮಿತಿ (ಇಷ್ಟಕ್ಕಿಂತ ಹೆಚ್ಚು ದಾರಿ ಒಪ್ಪುವುದಿಲ್ಲ ಎಂಬ ಗಡಿ) ಇಟ್ಟಿದ್ದರೆ ಸೆಷನ್, ಅಂದರೆ ನಿಮ್ಮ ಬಿಜಿಪಿ ಸಂಪರ್ಕ, ತಾನೇ ಬೀಳುತ್ತದೆ, ಲಾಗ್‌ನಲ್ಲಿ ಆ ಮಾತೇ ಬರೆದಿರುತ್ತದೆ. ಹಾಗೆ ಬಿದ್ದ ಸೆಷನ್ನನ್ನು ಸುಮ್ನೆ ಕ್ಲಿಯರ್ ಮಾಡಿ ಮತ್ತೆ ಎಬ್ಬಿಸಬೇಡಿ. ಪ್ರತಿ ನೆರೆಯ ರೂಟರ್‌ಗೆ ನೀವು ಏನೇನು ಸಾರುತ್ತಿದ್ದೀರಿ ಎಂಬ ಪಟ್ಟಿ ತೆಗೆಯಿರಿ. ಅದರಲ್ಲಿ ನಿಮ್ಮ ಪ್ರಿಫಿಕ್ಸ್‌ಗಳು, ನಿಮ್ಮಿಂದ ಬಿಜಿಪಿ ಪಡೆದ ಗಿರಾಕಿಯದು ಇದ್ದರೆ ಅದು, ಇಷ್ಟೇ ಇರಬೇಕು. ಒಂದು ಸಾಲು ಜಾಸ್ತಿ ಇದ್ದರೂ ದೋಷ ಅಲ್ಲೇ ಇದೆ. ಪಾಲಿಸಿ ಹಾಕದ ಬಿಜಿಪಿ ಸೆಷನ್ ಏನನ್ನೂ ಸಾರಬಾರದು, ಏನನ್ನೂ ಸ್ವೀಕರಿಸಬಾರದು ಎಂದು 2017ರಲ್ಲೇ ಆರ್‌ಎಫ್‌ಸಿ 8212 ಎಂಬ ಇಂಟರ್ನೆಟ್ ಮಾನದಂಡ ಹೇಳಿದೆ. ಎಲ್ಲ ರೂಟರ್‌ಗಳೂ ಅದನ್ನು ಪಾಲಿಸುವುದಿಲ್ಲ, ಹಾಗಾಗಿ ನಿಮ್ಮದನ್ನು ನೀವೇ ಪರೀಕ್ಷಿಸಿ.

ನಿಮ್ಮ ರೂಟರ್ ನಿಮ್ಮ ಕೈಯಲ್ಲೇ ಇದೆಯಾ?

ನಮ್ಮ ಕಡೆ ಮೈಕ್ರೋಟಿಕ್ ಕಂಪನಿಯ ರೂಟರ್ ಬಳಕೆ ಜಾಸ್ತಿ. ಅಗ್ಗ, ಗಟ್ಟಿ, ಕೆಲಸಕ್ಕೆ ಬರುತ್ತದೆ. ಆದರೆ ಅದನ್ನು ನಿರ್ವಹಿಸುವ ವಿನ್‌ಬಾಕ್ಸ್‌ನ 2018ರ ದೋಷ ನೆನಪಿರಲಿ. ಹೊರಗಿನಿಂದಲೇ ಯೂಸರ್ ಫೈಲ್ ಓದಿ ಪಾಸ್‌ವರ್ಡ್ ತೆಗೆಯಬಹುದಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ 6.42.1 ಆವೃತ್ತಿಯಲ್ಲಿ ಸರಿಮಾಡಿದರು. ಅಪ್‌ಡೇಟ್ ಮಾಡದ ರೂಟರ್‌ಗಳು ಆಮೇಲೂ ದಾಳಿಗೆ ಸಿಕ್ಕುತ್ತಲೇ ಹೋದವು. ಅಪ್‌ಡೇಟ್ ಮಾಡಿದರೂ ಹಳೆಯ ಪಾಸ್‌ವರ್ಡ್ ಹಾಗೇ ಬಿಟ್ಟರೆ ಉಪಯೋಗವಿಲ್ಲ, ಅದು ಆಗಲೇ ಕಳ್ಳನ ಕೈ ಸೇರಿರಬಹುದು.

ಸಂಶಯ ಬಂದರೆ ನಾಲ್ಕು ಜಾಗ ನೋಡಿ: ಶೆಡ್ಯೂಲರ್‌ನಲ್ಲಿ ನೀವು ಹಾಕದ ಸ್ಕ್ರಿಪ್ಟ್, ಆನ್ ಆಗಿರುವ ಸಾಕ್ಸ್ ಪ್ರಾಕ್ಸಿ, ಬದಲಾದ ಡಿಎನ್‌ಎಸ್ ಸರ್ವರ್ ಅಥವಾ ಸ್ಟ್ಯಾಟಿಕ್ ಡಿಎನ್‌ಎಸ್ ಸಾಲು, ಗುರುತಿಲ್ಲದ ಯೂಸರ್. ಒಂದು ಸಿಕ್ಕರೂ ಆ ಕಾನ್ಫಿಗ್ ನಂಬಬೇಡಿ. ಮೊದಲು ಸಾಕ್ಷಿಗಾಗಿ ಎಕ್ಸ್‌ಪೋರ್ಟ್ ತೆಗೆದಿಡಿ. ಆಮೇಲೆ ನೆಟ್‌ಇನ್‌ಸ್ಟಾಲ್‌ನಿಂದ ಹೊಸದಾಗಿ ಹಾಕಿ, ಕೈಯಿಂದಲೇ ಕಾನ್ಫಿಗ್ ಮಾಡಿ. ಬ್ಯಾಕಪ್ ಫೈಲ್ ಹಾಗೇ ರಿಸ್ಟೋರ್ ಮಾಡಿದರೆ ಕಳ್ಳನ ಸ್ಕ್ರಿಪ್ಟೂ ವಾಪಸ್ ಬರುತ್ತದೆ. ವಿನ್‌ಬಾಕ್ಸ್‌ನ 8291 ಪೋರ್ಟ್, ಎಸ್‌ಎಸ್‌ಎಚ್, ವೆಬ್ ಪುಟ, ಇವು ಯಾವುವೂ ಇಂಟರ್ನೆಟ್‌ಗೆ ತೆರೆದಿರಬಾರದು.

ನಿಮ್ಮದೇ ರೂಟರ್‌ಗಳು ಒಳಗೊಳಗೆ ದಾರಿ ಹೇಳಿಕೊಳ್ಳುವ ಓಎಸ್‌ಪಿಎಫ್ ಬಗ್ಗೆ ಎರಡೇ ಮಾತು. ಗ್ರಾಹಕರ ಕಡೆಯ ಪೋರ್ಟ್‌ಗಳೆಲ್ಲ ಪ್ಯಾಸಿವ್ ಇರಲಿ (ಅಲ್ಲಿ ಓಎಸ್‌ಪಿಎಫ್ ಮಾತಾಡಬಾರದು), ರೂಟರ್‌ಗಳ ನಡುವೆ ಅಥೆಂಟಿಕೇಷನ್ ಇರಲಿ. ಇಲ್ಲದಿದ್ದರೆ ಯಾವ ಮನೆಯಿಂದ ಬೇಕಾದರೂ ಸುಳ್ಳು ಡೀಫಾಲ್ಟ್ ರೂಟ್ ಬರಬಹುದು. ಒಂದು ಓಣಿಯವರಿಗೆ ಮಾತ್ರ ನೆಟ್ ಹೋಗಿ, ಅವರ ಸಾಧನಗಳಿಗೆ 192.168.0 ಸಾಲಿನ ಐಪಿ ಬಂದಿದ್ದರೆ ಅದು ದಾಳಿಯಲ್ಲ. ಯಾರೋ ವೈಫೈ ರೂಟರ್‌ನ ಲ್ಯಾನ್ ಪೋರ್ಟ್‌ಗೆ ನಿಮ್ಮ ಕೇಬಲ್ ಚುಚ್ಚಿದ್ದಾರೆ, ಅದು ಓಣಿಗೆಲ್ಲ ತನ್ನ ಐಪಿ ಹಂಚುತ್ತಿದೆ.

ಕಳವು ಖಚಿತವಾದರೆ

ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ: ಎಎಸ್ ಪಾತ್, ಸಮಯ, ಎಲ್ಲಿಂದ ನೋಡಿದಿರಿ ಎಂಬುದು ಸಮೇತ. ಆಮೇಲೆ ನಿಮ್ಮ ಅಪ್‌ಸ್ಟ್ರೀಮ್‌ನ ನಾಕ್‌ಗೆ (ನೆಟ್‌ವರ್ಕ್ ನೋಡಿಕೊಳ್ಳುವ ಕೇಂದ್ರ) ಫೋನ್ ಮಾಡಿ. ಟಿಕೆಟ್ ಹಾಕಿ ಕೂರಬೇಡಿ, ಮಾತಾಡಿ. "ನೆಟ್ ಸ್ಲೋ ಇದೆ" ಅಂದರೆ ಅವರೂ ಫೈಬರ್ ನೋಡಲು ಶುರು ಮಾಡುತ್ತಾರೆ. "ನಮ್ಮ ಈ ಪ್ರಿಫಿಕ್ಸನ್ನು ಈ ಎಎಸ್ ಸಾರುತ್ತಿದೆ, ಈ ಎಎಸ್ ಅದನ್ನು ದಾಟಿಸುತ್ತಿದೆ, ಇಷ್ಟು ಗಂಟೆಯಿಂದ" ಎಂದು ಹೇಳಿ. ದಾಟಿಸುತ್ತಿರುವ ನೆಟ್‌ವರ್ಕ್‌ನ ಸಂಪರ್ಕ ಪಿಯರಿಂಗ್‌ಡಿಬಿಯಲ್ಲಿ ಅಥವಾ ಹೂಈಸ್‌ನಲ್ಲಿ ಸಿಗುತ್ತದೆ, ಅವರಿಗೂ ಬರೆಯಿರಿ. ಕದ್ದವನಿಗಿಂತ ದಾಟಿಸುವವನು ಬೇಗ ಕೇಳುತ್ತಾನೆ.

ಅದೇ ಹೊತ್ತಿಗೆ ನಿಮ್ಮ ಪ್ರಿಫಿಕ್ಸನ್ನು ಒಡೆದು ಸಾರಿ. /22 ಇದ್ದರೆ ನಾಲ್ಕು /24. /24ಕ್ಕಿಂತ ಸಣ್ಣದನ್ನು ಬಹುತೇಕ ನೆಟ್‌ವರ್ಕ್‌ಗಳು ಒಪ್ಪುವುದಿಲ್ಲ. ನಿಮ್ಮದೇ /24 ಆಗಿದ್ದರೆ ಈ ದಾರಿ ಮುಚ್ಚಿದೆ, ಫೋನೇ ಗತಿ.

ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್ ಇನ್‌ಗೆ ವರದಿ ಕೊಡುವುದನ್ನು ಮರೆಯಬೇಡಿ. 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ರೂಟರ್ ಮೇಲಿನ ದಾಳಿ ಆ ಪಟ್ಟಿಯಲ್ಲಿದೆ. ಲಾಗ್‌ಗಳನ್ನು 180 ದಿನ ಇಡಬೇಕು, ಗಡಿಯಾರ ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಸಮಯ ಸರ್ವರ್‌ಗೆ ಹೊಂದಿರಬೇಕು. ರೂಟರ್ ಗಡಿಯಾರ 1970 ತೋರಿಸುತ್ತಿದ್ದರೆ ಆ ಲಾಗ್‌ನಿಂದ ಯಾರಿಗೂ ಏನನ್ನೂ ಸಾಬೀತು ಮಾಡಲಾಗದು.

ಮುಂಚೆಯೇ ಮಾಡಿಡಬೇಕಾದದ್ದು

ಎಲ್ಲಕ್ಕಿಂತ ಮೊದಲು ಆರ್‌ಒಎ. ಈ ಪ್ರಿಫಿಕ್ಸನ್ನು ಈ ಎಎಸ್ ಮಾತ್ರ ಸಾರಬಹುದು ಎಂದು ಡಿಜಿಟಲ್ ಸಹಿ ಹಾಕಿದ ದಾಖಲೆ ಇದು. ಇಂಥ ದಾಖಲೆಗಳ ವ್ಯವಸ್ಥೆಯೇ ಮೇಲೆ ಹೇಳಿದ ಆರ್‌ಪಿಕೆಐ. ಐಪಿ ಕೊಟ್ಟ ನೋಂದಣಿ ಸಂಸ್ಥೆಯ ಮೂಲಕವೇ ಮಾಡಿಸಬೇಕು, ನಮ್ಮಲ್ಲಿ ಸಾಮಾನ್ಯವಾಗಿ ಅದು ಐರಿನ್. ಅಪ್‌ಸ್ಟ್ರೀಮ್‌ನಿಂದ ಐಪಿ ಪಡೆದಿದ್ದರೆ ಅವರನ್ನೇ ಕೇಳಬೇಕು. ಜಗತ್ತಿನ ಐಪಿವಿ4 ರೂಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿಗೆ 2024ರ ಮೇ ಹೊತ್ತಿಗೇ ಆರ್‌ಒಎ ಇತ್ತು. ನಿಮ್ಮದು ಇನ್ನೂ ಇಲ್ಲದಿದ್ದರೆ ಈ ವಾರ ಮಾಡಿ.

ಒಂದು ಸೂಕ್ಷ್ಮ ಇದೆ. ಆರ್‌ಒಎಯಲ್ಲಿ ಮ್ಯಾಕ್ಸ್ ಲೆಂತ್ ಅಂತ ಒಂದು ಜಾಗ ಬರುತ್ತದೆ, ಎಷ್ಟು ಸಣ್ಣ ತುಂಡಿನವರೆಗೆ ಸಾರಬಹುದು ಎಂಬುದು. /23 ಇರುವವರು ಅಲ್ಲಿ 24 ಅಂತ ಹಾಕಿ, ಸಾರುವುದು ಮಾತ್ರ /23 ಅಂದರೆ ಒಂದು ಸಂದಿ ಬಿಟ್ಟಂತೆ. ನಿಮ್ಮ ಎಎಸ್ ನಂಬರ್ ಹಚ್ಚಿಕೊಂಡು /24 ಸಾರಿದವನು ಪರೀಕ್ಷೆಯಲ್ಲಿ ಪಾಸಾಗುತ್ತಾನೆ. 24 ಹಾಕದೆ ಬಿಟ್ಟರೆ ದಾಳಿಯ ದಿನ ನೀವೇ ಒಡೆದು ಸಾರಿದ /24 ಇನ್‌ವ್ಯಾಲಿಡ್ ಆಗುತ್ತದೆ, ಅಂದರೆ ಆರ್‌ಒಎಗೆ ಹೊಂದುವುದಿಲ್ಲ. ನನ್ನ ಸಲಹೆ: ಸಣ್ಣವರು ಯಾವಾಗಲೂ ಎರಡೂ /24ಗಳನ್ನು ಸಾರುತ್ತಲೇ ಇರಿ, ಸಾರುವ ಪ್ರತಿಯೊಂದಕ್ಕೂ ಅಷ್ಟಕ್ಕೇ ಸರಿಯಾದ ಆರ್‌ಒಎ ಇಡಿ. ಆಗ ಕಳ್ಳನಿಗೆ ನಿಮಗಿಂತ ನಿಖರವಾಗಿ ಸಾರುವ ಜಾಗವೇ ಉಳಿಯುವುದಿಲ್ಲ.

ಆರ್‌ಒಎ ಇದ್ದರೆ ಸಾಲದು, ಬೇರೆಯವರ ಆರ್‌ಒಎಯನ್ನು ನೀವೂ ಪರೀಕ್ಷಿಸಬೇಕು. ರೂಟಿನೇಟರ್ ಥರದ ಉಚಿತ ತಂತ್ರಾಂಶ ಒಂದು ಸಣ್ಣ ಲಿನಕ್ಸ್ ಮೆಷಿನ್‌ನಲ್ಲಿ ಓಡುತ್ತದೆ, ಮೈಕ್ರೋಟಿಕ್‌ನ ರೂಟರ್‌ಓಎಸ್ 7 ಅದರ ಜೊತೆ ಮಾತಾಡುತ್ತದೆ. ಇನ್‌ವ್ಯಾಲಿಡ್ ಬಂದದ್ದನ್ನು ಬಿಸಾಡಿ, ಆರ್‌ಒಎ ಇಲ್ಲದ್ದನ್ನು ಮಾತ್ರ ಬಿಸಾಡಬೇಡಿ. ನೀವು ಅಪ್‌ಸ್ಟ್ರೀಮ್‌ನಿಂದ ಬರೀ ಡೀಫಾಲ್ಟ್ ರೂಟ್ (ಎಲ್ಲಕ್ಕೂ ಒಂದೇ ದಾರಿ) ತಗೊಳ್ಳುತ್ತಿದ್ದರೆ ಇದರಿಂದ ನಿಮಗೆ ಲಾಭ ಇಲ್ಲ, ಪರೀಕ್ಷೆ ಅವರ ಕಡೆಯೇ ಆಗಬೇಕು. ಕ್ಲೌಡ್‌ಫ್ಲೇರ್‌ನ ಈಸ್ ಬಿಜಿಪಿ ಸೇಫ್ ಯೆಟ್ ಪುಟ ತೆರೆದು ಪರೀಕ್ಷೆ ಒತ್ತಿ. ಫೇಲ್ ಬಂದರೆ ಆ ಪುಟ ತೋರಿಸಿಯೇ ಅಪ್‌ಸ್ಟ್ರೀಮ್‌ನವರನ್ನು ಕೇಳಿ. ಲಿಂಕ್ ಒಪ್ಪಂದ ನವೀಕರಿಸುವ ಹೊತ್ತು ಇದಕ್ಕೆ ಒಳ್ಳೆಯ ಸಮಯ, ಆಗ ಅವರೂ ಕಿವಿಗೊಡುತ್ತಾರೆ.

ಬಿಜಿಪಿ ಸೆಷನ್‌ಗೆ ಎಂಡಿ5 ಪಾಸ್‌ವರ್ಡ್ ಹಾಕಿ, ಎರಡೂ ಕಡೆ ಅದಕ್ಕಿಂತ ಹೊಸದಾದ ಟಿಸಿಪಿ ಎಓ ಇದ್ದರೆ ಅದನ್ನೇ ಬಳಸಿ. ನೇರ ಜೋಡಿಸಿದ ನೆರೆಯವರ ಜೊತೆ ಟಿಟಿಎಲ್ 255 ಪರೀಕ್ಷೆ ಇಡಿ. ಟಿಟಿಎಲ್ ಅಂದರೆ ಪ್ರತಿ ಹಾಪ್‌ಗೆ ಒಂದು ಇಳಿಯುವ ಅಂಕಿ. ದೂರದಿಂದ ನಕಲಿ ಪ್ಯಾಕೆಟ್ ಕಳಿಸುವವನು ಅದನ್ನು ದಾಟಲಾರ. ಬಿಜಿಪಿಯ 179 ಪೋರ್ಟ್ ನೆರೆಯವರಿಗೆ ಮಾತ್ರ ತೆರೆದಿರಲಿ.

ಕೊನೆಗೆ ಆರ್‌ಒಎ ಮಾಡುವ ಪೋರ್ಟಲ್‌ನ ಪಾಸ್‌ವರ್ಡ್. 2024ರ ಜನವರಿ 3ರಂದು ಟೆಲಿಕಾಂ ಕಂಪನಿ ಆರೆಂಜ್ ಸ್ಪೇನ್‌ನ ರೈಪ್ (ಯುರೋಪಿನ ಐಪಿ ನೋಂದಣಿ ಸಂಸ್ಥೆ) ಖಾತೆಯೊಳಗೆ ಒಬ್ಬ ನುಗ್ಗಿದ. ಪಾಸ್‌ವರ್ಡ್ ಸುಲಭದ್ದು, ಎರಡನೇ ಹಂತದ ಪರಿಶೀಲನೆ ಇರಲಿಲ್ಲ. ಅವನು ಯಾವ ರೂಟರನ್ನೂ ಮುಟ್ಟಲಿಲ್ಲ. ತಪ್ಪು ಎಎಸ್ ನಂಬರ್ ಹಾಕಿ ಆರ್‌ಒಎ ಮಾಡಿದ, ಅಷ್ಟೇ. ಆರೆಂಜ್‌ನ ಸ್ವಂತ ದಾರಿಗಳೇ ಇನ್‌ವ್ಯಾಲಿಡ್ ಆದವು, ಪರೀಕ್ಷೆ ಮಾಡುವ ನೆಟ್‌ವರ್ಕ್‌ಗಳೆಲ್ಲ ಅವನ್ನು ಬಿಸಾಡಿದವು, ಗ್ರಾಹಕರು ಗಂಟೆಗಟ್ಟಲೆ ನೆಟ್ ಇಲ್ಲದೆ ಕೂತರು. ನಮ್ಮ ಕಡೆ ಆ ಪೋರ್ಟಲ್‌ನ ಯೂಸರ್, ಪಾಸ್‌ವರ್ಡ್ ಲೈಸೆನ್ಸ್ ಮಾಡಿಸಿಕೊಟ್ಟ ಏಜೆಂಟನ ಹತ್ತಿರವೇ ಉಳಿದಿರುವುದುಂಟು. ಅದನ್ನು ನಿಮ್ಮ ಕೈಗೆ ತಗೊಳ್ಳಿ, ಇಮೇಲ್ ನಿಮ್ಮದಾಗಿಸಿ, ಪಾಸ್‌ವರ್ಡ್ ಬದಲಿಸಿ, ಎರಡನೇ ಹಂತದ ಪರಿಶೀಲನೆ ಆನ್ ಮಾಡಿ. ಬಿಜಿಪಿ ಅಲರ್ಟರ್ ಹಾಕಿ ನಿಮ್ಮ ಪ್ರಿಫಿಕ್ಸ್ ಮತ್ತು ಆರ್‌ಒಎ ಎರಡರ ಮೇಲೂ ಕಣ್ಣಿಡಿಸಿ. ಎಚ್ಚರಿಕೆಯ ಮೆಸೇಜ್ ಬರುವುದು ಮೊಬೈಲಿಗಿರಲಿ, ಆ ಮೊಬೈಲಿನ ನೆಟ್ ಮಾತ್ರ ಬೇರೆ ಕಂಪನಿಯದಾಗಿರಲಿ.